ಬೇಲೂರಿನ ಹೆಬ್ಬಾಗಿಲು ಅರಸೀಕೆರೆಯಲ್ಲಿ

ಬೆಂಗಳೂರು ಬಿಟ್ಟ ರೈಲು ತಿಪಟೂರು ದಾಟಿತೆಂದರೆ ಕಿಟಕಿಯ ಎರಡೂ ಬದಿಗೆ ತೆಂಗಿನ ತೋಟಗಳೇ. ತೋಟದ ಮನೆಗಳ ಮುಂದೆ ಕಾಯಿಸಿಪ್ಪೆಯ ರಾಶಿ, ಬೇಲಿಗೆ ಒರಗಿಸಿದ ಸೈಕಲ್ಲು. ಸ್ವಲ್ಪ ಹೊತ್ತಿಗೆ ತೋಟಗಳ ಹಿಂದಿನಿಂದ ಬಂಡೆ ಹೊತ್ತ ಬೋಳುಗುಡ್ಡಗಳು ತಲೆಯೆತ್ತುತ್ತವೆ. ಗಾಡಿಯ ವೇಗ ತಗ್ಗುತ್ತದೆ. ಎರಡು ಜೊತೆ ಹಳಿಗಳಿದ್ದದ್ದು ಕವಲೊಡೆದು ಹಲವಾಗುತ್ತವೆ. ಮಲಗಿದ್ದವರು ಎದ್ದು ಕೂರುತ್ತಾರೆ, ಮೇಲಿನ ಹಲಗೆಯಿಂದ ಚೀಲಗಳು ಇಳಿಯುತ್ತವೆ. ಗಾಡಿ ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲೇ 'ಇಡ್ಲಿ ವಡೇ, ಇಡ್ಲಿ ವಡೇ' ಎಂಬ ಕೂಗು. ಅರಸೀಕೆರೆ ಬಂತು.

ಬೆಂಗಳೂರಿನಿಂದ ಇಲ್ಲಿಗೆ ಸುಮಾರು 165 ಕಿ.ಮೀ. ನೇರ ಹೋಗುವ ಹಳಿ ಬಾಣಾವರ, ಕಡೂರು, ಬೀರೂರುಗಳನ್ನು ಹಾದು ದಾವಣಗೆರೆ, ಹುಬ್ಬಳ್ಳಿಯತ್ತ. ದಕ್ಷಿಣಕ್ಕೆ ತಿರುಗಿದ ಹಳಿ ಹಾಸನಕ್ಕೆ. ಅಲ್ಲಿಂದ ಒಂದು ಕವಲು ಮೈಸೂರಿಗೆ, ಇನ್ನೊಂದು ಸಕಲೇಶಪುರದ ಘಟ್ಟ ಇಳಿದು ಮಂಗಳೂರಿಗೆ. ಹೀಗಾಗಿ ಅರ್ಧ ಕರ್ನಾಟಕಕ್ಕೆ ಅರಸೀಕೆರೆ ಗೊತ್ತು. ಆದರೆ ಗೊತ್ತಿರುವುದು ಒಂದೇ ಕಾರಣಕ್ಕೆ: 'ಅರಸೀಕೆರೆಯಲ್ಲಿ ಗಾಡಿ ಬದಲಾಯಿಸಬೇಕು.' ಊರಿನೊಳಗೆ ಕಾಲಿಟ್ಟವರು ಎಷ್ಟು ಮಂದಿ? ಚಹಾ ಕುಡಿದು, ಗಡಿಯಾರ ನೋಡಿ, ಇನ್ನೊಂದು ಪ್ಲಾಟ್‌ಫಾರಂಗೆ ಓಡಿದವರೇ ಹೆಚ್ಚು.

2023ರಲ್ಲಿ ನಲವತ್ತಮೂರು ದಿನಗಳ ಅಂತರದಲ್ಲಿ ಈ ಸೀಮೆಗೆ ಎರಡು ಸುದ್ದಿಗಳು ಬಂದವು. ಆ ವರ್ಷದ ಆಗಸ್ಟ್ 6ರಂದು 'ಅಮೃತ ಭಾರತ ನಿಲ್ದಾಣ' ಯೋಜನೆಯಡಿ ದೇಶದ 508 ರೈಲು ನಿಲ್ದಾಣಗಳ ಪುನರಭಿವೃದ್ಧಿಗೆ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಕರ್ನಾಟಕದ ಪಾಲು 13 ನಿಲ್ದಾಣ. ಅವುಗಳಲ್ಲಿ ಅರಸೀಕೆರೆಯೂ ಒಂದು. ಸೆಪ್ಟೆಂಬರ್ 18ರಂದು ರಿಯಾದ್‌ನಲ್ಲಿ ಸೇರಿದ್ದ ಯುನೆಸ್ಕೋ ಸಮಿತಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಂಪಿ, ಪಟ್ಟದಕಲ್ಲು, ಪಶ್ಚಿಮ ಘಟ್ಟಗಳ ನಂತರ ಕರ್ನಾಟಕಕ್ಕೆ ಸಿಕ್ಕ ನಾಲ್ಕನೆಯ ಮನ್ನಣೆ ಅದು. ಮೊದಲ ಸುದ್ದಿ ರೈಲ್ವೆಯ ಪುಟದಲ್ಲಿ ಬಂತು, ಎರಡನೆಯದು ಸಂಸ್ಕೃತಿಯ ಪುಟದಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ಓದಿದವರು ಕಡಿಮೆ. ಜಗತ್ತಿನ ಯಾವುದೋ ಮೂಲೆಯಿಂದ ಹಳೇಬೀಡಿಗೆ ಹೊರಟವನು ಎಲ್ಲಿ ಇಳಿಯುತ್ತಾನೆ, ಎಲ್ಲಿ ಮುಖ ತೊಳೆಯುತ್ತಾನೆ, ಯಾರನ್ನು ದಾರಿ ಕೇಳುತ್ತಾನೆ ಎಂಬ ಪ್ರಶ್ನೆ ಈ ಎರಡು ಪುಟಗಳ ನಡುವೆ ಬಿದ್ದುಹೋಯಿತು.

ಅರಸೀಕೆರೆ ನಿಲ್ದಾಣಕ್ಕೆ ಹೊಸ ಹುಟ್ಟು ಹೊಸದೇನಲ್ಲ. ಬೆಂಗಳೂರಿನಿಂದ ಹರಿಹರದ ಕಡೆಗೆ ಮೀಟರ್ ಗೇಜ್ ಹಳಿ ಬಿದ್ದದ್ದು 1880ರ ದಶಕದಲ್ಲಿ. ಮೈಸೂರು–ಹಾಸನ–ಅರಸೀಕೆರೆ ಹಳಿ ತೆರೆದದ್ದು 1918ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ಇಳಿದ ವರ್ಷವೂ ಅದೇ. ಅಂದಿನಿಂದ ಇದು ಜಂಕ್ಷನ್. 1979ರಲ್ಲಿ ಹಾಸನ–ಮಂಗಳೂರು ಮಾರ್ಗ ಪೂರ್ತಿಯಾದಾಗ ಕರಾವಳಿಯೂ ಇದಕ್ಕೆ ಹೊಂದಿಕೊಂಡಿತು. 1990ರ ದಶಕದಲ್ಲಿ ಕಿರಿದಾದ ಹಳಿಗಳನ್ನು ಕಿತ್ತು ಬ್ರಾಡ್ ಗೇಜ್ ಹಾಕಿದರು. ಮೀಟರ್ ಗೇಜ್‌ನ ಪುಟ್ಟ ಡಬ್ಬಿಗಳಲ್ಲಿ ಮೊಣಕಾಲಿಗೆ ಮೊಣಕಾಲು ತಗುಲಿಸಿಕೊಂಡು ಕುಳಿತವರ ನೆನಪುಗಳು ಈಗ ತಾತಂದಿರ ಬಳಿ ಮಾತ್ರ ಉಳಿದಿವೆ.

ಆ ಬದಲಾವಣೆಯಲ್ಲಿ ಒಂದು ಕಹಿ ಪಾಠವೂ ಉಂಟು. ಹಾಸನ–ಮಂಗಳೂರು ಮಾರ್ಗವನ್ನು ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಲಾಯಿತು. ಸರಕಿನ ಗಾಡಿ ಮತ್ತೆ ಓಡಿದ್ದು 2006ರಲ್ಲಿ. ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ಒಂದನೆಯ ತರಗತಿಗೆ ಸೇರಿದ ಮಗು ಎಸ್ಸೆಸ್ಸೆಲ್ಸಿ ಮುಗಿಸಿದರೂ ಸಕಲೇಶಪುರದ ಘಟ್ಟದಲ್ಲಿ ಪ್ರಯಾಣಿಕರ ರೈಲಿನ ಸಿಳ್ಳೆ ಕೇಳಲಿಲ್ಲ. ಘಟ್ಟದ ಸುರಂಗ, ಸೇತುವೆ, ಮಳೆ ಎಲ್ಲವೂ ಕಷ್ಟದ ಕೆಲಸವೇ, ನಿಜ. ಆದರೆ ಒಂದು ಮಾರ್ಗವನ್ನು 'ಸ್ವಲ್ಪ ಕಾಲ' ನಿಲ್ಲಿಸುತ್ತೇವೆ ಎಂದಾಗ ಆ ಸ್ವಲ್ಪ ಕಾಲ ಎಷ್ಟು ಉದ್ದವಾಗಬಲ್ಲುದು ಎಂಬುದಕ್ಕೆ ಈ ಸೀಮೆಯ ಜನಕ್ಕೆ ಬೇರೆ ಉದಾಹರಣೆ ಬೇಕಾಗಿಲ್ಲ.

ಹಾಗಾದರೆ ರೈಲು ನಿಲ್ಲಿಸದೆ ನಿಲ್ದಾಣ ಕಟ್ಟುವುದು ಹೇಗೆ? ಎಂಜಿನಿಯರಿಂಗ್ ಓದಬೇಕೆಂದಿರುವ ಮಕ್ಕಳು ಯೋಚಿಸಬೇಕಾದ ಪ್ರಶ್ನೆ ಇದು. ಹಳಿಗಳ ಮೇಲೆ ಪಾದಚಾರಿ ಮೇಲ್ಸೇತುವೆಯ ಉಕ್ಕಿನ ತೊಲೆ ಕೂರಿಸಬೇಕಾದರೆ, ಕೆಳಗೆ ಗಾಡಿ ಓಡಬಾರದು. ಮೇಲಿನ ವಿದ್ಯುತ್ ತಂತಿಯಲ್ಲಿ ಕರೆಂಟು ಇರಬಾರದು. ಈ ಎರಡಕ್ಕೂ ಮುಂಚಿತವಾಗಿ ಅನುಮತಿ ಪಡೆಯಬೇಕು. ರೈಲ್ವೆಯವರು ಇದನ್ನು 'ಬ್ಲಾಕ್' ಎನ್ನುತ್ತಾರೆ. ಸಾಮಾನ್ಯವಾಗಿ ಗಾಡಿಗಳು ವಿರಳವಾದ ಹೊತ್ತಿನಲ್ಲಿ ಗಂಟೆ, ಎರಡು ಗಂಟೆಯ ಬಿಡುವು. ಅಷ್ಟರೊಳಗೆ ಕ್ರೇನು ತೊಲೆ ಎತ್ತಬೇಕು, ಕಂಬದ ಮೇಲೆ ಕೂರಿಸಬೇಕು, ಬೋಲ್ಟು ಬಿಗಿಯಬೇಕು, ಸರಿಯಾಗಿದೆ ಎಂದು ಸಹಿ ಬೀಳಬೇಕು. ಹತ್ತು ನಿಮಿಷ ತಡವಾದರೆ ಹಿಂದಿನ ಗಾಡಿಗಳೆಲ್ಲ ಸಾಲುಗಟ್ಟಿ ನಿಲ್ಲುತ್ತವೆ. ಬೆಳಿಗ್ಗೆ ಬಂದ ಪ್ರಯಾಣಿಕನಿಗೆ ಕಾಣುವುದು ನಿನ್ನೆ ಇಲ್ಲದ ಒಂದು ತೊಲೆ, ಅಷ್ಟೆ.

ನೆಲದ ಮೇಲಿನ ನಿಲ್ದಾಣದಲ್ಲೇ ಇಷ್ಟು ಫಜೀತಿಯಾದರೆ ನೆಲದಡಿಯ ನಿಲ್ದಾಣದ ಪಾಡೇನು? ಲಂಡನ್ನಿನ 'ಬ್ಯಾಂಕ್' ನಿಲ್ದಾಣದ ಕಥೆ ಕೇಳಬೇಕು. 1900ರಲ್ಲಿ ತೆರೆದ ಆ ನೆಲದಡಿಯ ನಿಲ್ದಾಣ ಆ ಮಹಾನಗರದ ಅತಿ ಗಿಜಿಗುಡುವ ನಿಲ್ದಾಣಗಳಲ್ಲಿ ಒಂದು. ಜಾಗ ಸಾಲದೆ ಅದನ್ನು ದೊಡ್ಡದು ಮಾಡಬೇಕಾಯಿತು. ಆದರೆ ಸುತ್ತಲೂ ಹಳೆಯ ಕಟ್ಟಡಗಳ ತಳಪಾಯ, ನಡುವೆ ಓಡುತ್ತಿರುವ ರೈಲು. ಹಲವು ವರ್ಷ ಪಕ್ಕದಲ್ಲೇ ಹೊಸ ಸುರಂಗ ಕೊರೆಯುತ್ತಾ, ಹಳೆಯ ಮಾರ್ಗದಲ್ಲಿ ಗಾಡಿ ಓಡಿಸುತ್ತಾ ಬಂದರು. ಕೊನೆಗೆ ಹಳತನ್ನೂ ಹೊಸತನ್ನೂ ಜೋಡಿಸಲು ಮಾತ್ರ ಆ ಮಾರ್ಗವನ್ನು ನಿಲ್ಲಿಸಿದರು: 2022ರ ಜನವರಿ 15ರಿಂದ ಮೇ ತಿಂಗಳ ನಡುವಿನವರೆಗೆ, ಹದಿನೇಳು ವಾರ. ಇಷ್ಟು ದಿನ ಎಂದು ಮೊದಲೇ ಸಾರಿದ್ದರು, ಅಷ್ಟೇ ದಿನದಲ್ಲಿ ತೆರೆದರು. ಹಳೆಯ ಪ್ಲಾಟ್‌ಫಾರಂ ಒಂದನ್ನು ಒಡೆದು ಬಿಸಾಡಲಿಲ್ಲ. ಹಳಿ ಇದ್ದ ಜಾಗವನ್ನೂ ಸೇರಿಸಿ ಜನ ಓಡಾಡುವ ವಿಶಾಲ ಪಡಸಾಲೆ ಮಾಡಿದರು.

ಆ ನಿಲ್ದಾಣದ ನೆತ್ತಿಯ ಮೇಲೆ ಹದಿನೆಂಟನೆಯ ಶತಮಾನದ ಒಂದು ಚರ್ಚು ಇದೆ, ಸೇಂಟ್ ಮೇರಿ ವುಲ್‌ನಾತ್. ಮೊದಲು ನಿಲ್ದಾಣ ಕಟ್ಟುವಾಗ ರೈಲು ಕಂಪನಿ ಅದನ್ನು ಕೆಡವಲು ಹೊರಟಿತ್ತು. ಜನ ಎದ್ದುನಿಂತರು. ಕಡೆಗೆ ಚರ್ಚಿನ ಅಡಿಗೆ ಉಕ್ಕಿನ ತೊಲೆಗಳ ಆಸರೆ ಕೊಟ್ಟು, ನೆಲಮಾಳಿಗೆಯನ್ನಷ್ಟೇ ನಿಲ್ದಾಣಕ್ಕೆ ಬಳಸಿಕೊಂಡರು. ಮೇಲೆ ಪ್ರಾರ್ಥನೆ, ಕೆಳಗೆ ಟಿಕೆಟ್ಟು.

ಅಷ್ಟು ದೂರ ಏಕೆ, ಬೆಂಗಳೂರಿನ ಮೆಜೆಸ್ಟಿಕ್ ಇಲ್ಲವೆ? ಬಸ್ ನಿಲ್ದಾಣ ಎಂದಿನಂತೆ ಗಿಜಿಗುಡುತ್ತಿರಬೇಕು, ಅದರ ಮಗ್ಗುಲಲ್ಲೇ ನೆಲ ಅಗೆಯಬೇಕು. ಬಸ್ಸು ನಿಲ್ಲುವ ಅಂಕಣಗಳು ಇಂದು ಇಲ್ಲಿ, ನಾಳೆ ಅಲ್ಲಿ. ಊರಿಂದ ಬಂದವರು 'ನಮ್ಮ ಬಸ್ಸು ಎಲ್ಲಪ್ಪಾ' ಎಂದು ಕಂಡವರನ್ನೆಲ್ಲ ಕೇಳುತ್ತಾ ತಿರುಗಿದ್ದು ಆ ಕಾಲದ ಮಾತು. ಪೂರ್ವ–ಪಶ್ಚಿಮದ ನೆಲದಡಿಯ ಮಾರ್ಗ 2016ರ ಏಪ್ರಿಲ್ ಕೊನೆಗೆ, ಉತ್ತರ–ದಕ್ಷಿಣದ್ದು 2017ರ ಜೂನ್‌ನಲ್ಲಿ ತೆರೆದವು. ಒಂದರ ಕೆಳಗೊಂದು ಮಾರ್ಗ, ನಡುವೆ ಜನಸಾಗರ. ಆ ಬಸ್ ನಿಲ್ದಾಣ ಇರುವುದು ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ಇದ್ದಲ್ಲಿ. ಅರಸೀಕೆರೆಯ ಹೆಸರಿನಲ್ಲೂ ಕೆರೆ. ಹೊಯ್ಸಳ ಅರಸಿಯೊಬ್ಬಳು ಕಟ್ಟಿಸಿದ್ದು ಎನ್ನುತ್ತಾರೆ. ಹಳೇಬೀಡಿನ ಹಿಂದಿನ ಹೆಸರು ದೋರಸಮುದ್ರ. ಅದೂ ಕೆರೆಯದೇ ಹೆಸರು. ನೀರು ಇದ್ದಲ್ಲಿ ಊರು, ಊರು ಇದ್ದಲ್ಲಿ ದಾರಿ, ದಾರಿ ಕೂಡಿದಲ್ಲಿ ನಿಲ್ದಾಣ.

ಮತ್ತೆ ಅರಸೀಕೆರೆಯ ಪ್ಲಾಟ್‌ಫಾರಂಗೆ ಬರೋಣ. ಅಮೃತ ಭಾರತ ಯೋಜನೆಯ ಪಟ್ಟಿ ಉದ್ದವಿದೆ: ಅಗಲವಾದ ಮೇಲ್ಸೇತುವೆ, ಲಿಫ್ಟು, ಚಲಿಸುವ ಮೆಟ್ಟಿಲು, ನಿರೀಕ್ಷಣಾ ಕೊಠಡಿ, ಶೌಚಾಲಯ, ನಿಲ್ದಾಣದ ಮುಂದಿನ ಅಂಗಳ, ಮಾಹಿತಿ ಫಲಕ. ಸ್ಥಳೀಯ ಕಲೆ ಮತ್ತು ವಾಸ್ತು ಕಟ್ಟಡದಲ್ಲಿ ಕಾಣಬೇಕೆಂಬ ಮಾತೂ ಇದೆ. ಈ ಪಟ್ಟಿಯಲ್ಲಿ ಯಾವುದು ಮೊದಲು ಎಂದು ಕೇಳಿದರೆ ಉತ್ತರ ಹೇಳಬೇಕಾದವರು ಇಲ್ಲಿ ಗಾಡಿ ಬದಲಾಯಿಸುವವರು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಮೆಟ್ಟಿಲು ಹತ್ತುವ ಅಜ್ಜಿಯರನ್ನು ಯಾವ ಜಂಕ್ಷನ್ನಿನಲ್ಲೂ ಕಾಣಬಹುದು. 'ನೀನು ಮುಂದೆ ಓಡಿ ಸೀಟು ಹಿಡಿ ಮಗಾ, ನಾ ಬತ್ತೀನಿ' ಎಂದು ಮೊಮ್ಮಗನನ್ನು ಕಳಿಸಿ, ಅರ್ಧದಲ್ಲಿ ನಿಂತು ಉಸಿರು ತೆಗೆದುಕೊಳ್ಳುವ ಅಜ್ಜಿ. ಮೇಲಿನಿಂದ 'ಅಜ್ಜೀ, ಬೇಗ ಬಾ, ಸಿಗ್ನಲ್ ಬಿತ್ತು' ಎಂಬ ಕೂಗು. ಈ ಅಜ್ಜಿಗೆ ಕಟ್ಟಡದ ಮುಂಭಾಗದಲ್ಲಿ ಎಷ್ಟು ಕಮಾನುಗಳಿವೆ ಎಂಬುದರಿಂದ ಆಗಬೇಕಾದ್ದೇನೂ ಇಲ್ಲ. ಲಿಫ್ಟು ಮೊದಲು, ಕಮಾನು ಆಮೇಲೆ.

ದಿನವೂ ಪಾಸಿನಲ್ಲಿ ಬಂದುಹೋಗುವ ಕಾಲೇಜು ಮಕ್ಕಳ ಲೆಕ್ಕ ಬೇರೆ. ತಿಪಟೂರಿನಿಂದ, ಬಾಣಾವರದಿಂದ, ಕಡೂರಿನಿಂದ ಬರುವವರು. ಇಲ್ಲಿಂದ ಹಾಸನಕ್ಕೆ ಹೋಗುವವರು. ಗಾಡಿಗೂ ಗಾಡಿಗೂ ನಡುವೆ ಸಿಕ್ಕ ಮುಕ್ಕಾಲು ಗಂಟೆಯಲ್ಲಿ ಅವರು ಓದುವುದು, ನೋಟ್ಸು ನಕಲು ಮಾಡುವುದು, ಜಗಳವಾಡುವುದು ಎಲ್ಲ ಪ್ಲಾಟ್‌ಫಾರಂನ ಬೆಂಚಿನ ಮೇಲೆಯೇ. ಅವರಿಗೆ ಬೇಕಾದ್ದು ನೆರಳು, ಕುಡಿಯುವ ನೀರು, ಹೆಣ್ಣುಮಕ್ಕಳು ಸಂಜೆ ಅಳುಕಿಲ್ಲದೆ ನಿಲ್ಲುವಷ್ಟು ಬೆಳಕು.

ಇನ್ನು 'ಸ್ಥಳೀಯ ವಾಸ್ತು'ವಿನ ವಿಚಾರ. ಹೊಯ್ಸಳ ಸೀಮೆ ಎಂದೊಡನೆ ಸಿಮೆಂಟಿನ ಗೋಪುರ, ಬಣ್ಣ ಬಳಿದ ಶಿಲಾಬಾಲಿಕೆ ನೆನಪಾಗುವುದು ಸುಲಭ. ಆದರೆ ಅರಸೀಕೆರೆಯಲ್ಲೇ, ಊರೊಳಗೇ, ಇದಕ್ಕೆ ಬೇರೆಯದೇ ಉತ್ತರ ಎಂಟುನೂರು ವರ್ಷಗಳಿಂದ ನಿಂತಿದೆ. ಅದು 1220ರ ಸುಮಾರಿನ ಶಿವಾಲಯ. ಹೊಯ್ಸಳ ಶಿಲ್ಪವೆಂದರೆ ಗೋಡೆಯ ಮೇಲಿನ ಕುಸುರಿ ಎಂದುಕೊಂಡವರಿಗೆ ಈ ಗುಡಿ ಮೊದಲ ನೋಟಕ್ಕೆ ಸಪ್ಪೆ ಎನಿಸಬಹುದು. ಗುಟ್ಟು ಇರುವುದು ಮುಂದಿನ ಮಂಟಪದಲ್ಲಿ. ಅದಕ್ಕೆ ಗೋಡೆಯೇ ಇಲ್ಲ. ನೆಲಗಟ್ಟು ಹದಿನಾರು ಮೂಲೆಯ ನಕ್ಷತ್ರದ ಆಕಾರ; ಚರಕಿ ಹಿಡಿದು ಕಡೆದಂತಹ ನುಣುಪು ಕಂಬಗಳು; ಮೇಲೆ ಅರಳಿದ ಗುಮ್ಮಟದಂಥ ಛಾವಣಿ; ಅಂಚಿನುದ್ದಕ್ಕೂ ಒಳಹೊರಗೆ ಮಡಿಚಿಕೊಂಡು ಸಾಗುವ ಕಲ್ಲಿನ ಜಗಲಿ. ಇದಕ್ಕೆ ಕಕ್ಷಾಸನ ಎಂದು ಹೆಸರು.

ಗಣಿತ ಬಲ್ಲ ವಿದ್ಯಾರ್ಥಿಗಳು ಒಂದು ಕಾಗದದ ಮೇಲೆ ಇದನ್ನು ಬರೆದು ನೋಡಬಹುದು. ಅಷ್ಟೇ ವಿಸ್ತೀರ್ಣದ ವೃತ್ತಕ್ಕಿಂತ ನಕ್ಷತ್ರದ ಅಂಚು ಉದ್ದ. ಅಂಚು ಉದ್ದವಾದಷ್ಟೂ ಜಗಲಿ ಉದ್ದ, ಕೂರುವವರು ಹೆಚ್ಚು. ಮೂಲೆಯಲ್ಲಿ ಕೂತ ನಾಲ್ವರು ಎದುರುಬದುರಾಗಿ ಮಾತಾಡಬಹುದು; ಪಕ್ಕದ ಮೂಲೆಯವರ ಗದ್ದಲ ಅಷ್ಟಾಗಿ ತಾಗದು. ಎಲ್ಲ ಕಡೆಯಿಂದ ಗಾಳಿ, ಬೆಳಕು. ಕಾಯುವವರಿಗೆ ಇದಕ್ಕಿಂತ ಒಳ್ಳೆಯ ಪಡಸಾಲೆ ಉಂಟೆ? ನಿಲ್ದಾಣದ ವಿನ್ಯಾಸಕಾರರು ಹೊಯ್ಸಳರಿಂದ ಏನನ್ನಾದರೂ ಎತ್ತಿಕೊಳ್ಳುವುದಿದ್ದರೆ ಗೋಪುರವನ್ನಲ್ಲ, ಈ ಜಗಲಿಯನ್ನು ಎತ್ತಿಕೊಳ್ಳಬೇಕು.

ಶಿವಾಲಯದಿಂದ ಹಳೇಬೀಡಿನ ದಾರಿ ಜಾವಗಲ್ ಮೇಲೆ ಹಾಯುತ್ತದೆ. ಕ್ರಿಕೆಟಿಗ ಶ್ರೀನಾಥ್ ಹೆಸರಿನ ಹಿಂದಿರುವ ಜಾವಗಲ್ ಇದೇ. ಇಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಹಿಂದೆ ರೈಲಿನಲ್ಲಿ ಬಂದವರು ಬಾಣಾವರದಲ್ಲಿ ಇಳಿದು ಇತ್ತ ಬರುತ್ತಿದ್ದುದೂ ಉಂಟು. ತೆಂಗು, ರಾಗಿಹೊಲ, ಕೆರೆ ಏರಿಗಳನ್ನು ದಾಟುತ್ತಾ ಹೋದಂತೆ ನೆಲ ಹಸಿರಾಗುತ್ತದೆ. ಒಮ್ಮೆಲೇ ಬಲು ದೊಡ್ಡ ಕೆರೆ. ಅದರ ದಡದಲ್ಲಿ ಹಳೇಬೀಡು.

ಹೊಯ್ಸಳೇಶ್ವರ ದೇವಾಲಯದ ಕೆಲಸ ಆರಂಭವಾದದ್ದು 1121ರಲ್ಲಿ, ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಮುತುವರ್ಜಿಯಲ್ಲಿ. ಜೋಡಿ ಗರ್ಭಗುಡಿ, ಎದುರಿಗೆ ಎರಡು ನಂದಿಮಂಟಪ. ಗೋಡೆಯ ತಳದ ಪಟ್ಟಿಯಲ್ಲಿ ಸಾವಿರಕ್ಕೂ ಮಿಕ್ಕ ಆನೆಗಳು. ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಮಕ್ಕಳು ಎಣಿಸಲು ತೊಡಗಿ, ಮೊದಲ ಮೂಲೆ ತಿರುಗುವಷ್ಟರಲ್ಲಿ ಲೆಕ್ಕ ತಪ್ಪುವುದು ಇಲ್ಲಿನ ನಿತ್ಯದ ನೋಟ. ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. 1311ರಲ್ಲಿ ಮಲಿಕ್ ಕಾಫರನ ಸೇನೆ ದೋರಸಮುದ್ರಕ್ಕೆ ಬಂತು. ಮುಂದೆ ಇನ್ನೊಂದು ದಾಳಿ. ರಾಜಧಾನಿ ಬರಿದಾಯಿತು. ಬೀಡು ಹೋಗಿ ಹಳೇಬೀಡಾಯಿತು. ದಾರಿಗಳು ಬೇರೆಡೆಗೆ ತಿರುಗಿದರೆ ರಾಜಧಾನಿಗೂ ಇದೇ ಗತಿ, ಜಂಕ್ಷನ್ನಿಗೂ ಇದೇ ಗತಿ. 2017ರಲ್ಲಿ ಬೆಂಗಳೂರಿನಿಂದ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ನೇರ ಹಳಿ ಬಂದಾಗ ಅರಸೀಕೆರೆಯವರ ಮನಸ್ಸಿನಲ್ಲಿ ಸಣ್ಣಗೆ ಅಳುಕು ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ಅಲ್ಲಿಂದ ಬೇಲೂರಿಗೆ 16 ಕಿ.ಮೀ. ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಮದನಿಕೆಯರನ್ನು ನೋಡಲು ಎಲ್ಲರೂ ಕತ್ತೆತ್ತುತ್ತಾರೆ. ಅವುಗಳ ಪೀಠದಲ್ಲಿರುವ ಶಿಲ್ಪಿಗಳ ಹೆಸರುಗಳನ್ನು ನೋಡುವವರು ಕಡಿಮೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ತಂದೆ ಮಗ ಒಂದೇ ಕೆಲಸದ ಮೇಲೆ ಅಷ್ಟು ದೂರದಿಂದ ಬಂದು ಬೇರೆ ಬೇರೆ ಸಹಿ ಹಾಕಿದ್ದಾರೆ. ಮಗ ತಂದೆಯನ್ನು ಮೀರಿಸಿದನೇ ಎಂಬ ಚರ್ಚೆಯನ್ನು ತಂದೆ ಮಕ್ಕಳೊಡನೆ ಬಂದವರು ಅಲ್ಲೇ ನಿಂತು ನಡೆಸಬಹುದು.

ಬೇಲೂರನ್ನು ಇನ್ನೊಂದು ಕಣ್ಣಿನಿಂದಲೂ ನೋಡಬೇಕು. ಈ ಗುಡಿ ಕಟ್ಟಿದ ಹಾಗೆಯೇ ಉಳಿದದ್ದಲ್ಲ. ತೆರೆದ ಮಂಟಪಕ್ಕೆ ಜಾಲಂಧ್ರಗಳನ್ನು ಸೇರಿಸಿದ್ದು ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಹೆಬ್ಬಾಗಿಲ ಗೋಪುರ ಹಾಳಾದಾಗ 1397ರಲ್ಲಿ ವಿಜಯನಗರದ ದಂಡನಾಯಕ ಗುಂಡ ಅದನ್ನು ಮತ್ತೆ ಕಟ್ಟಿಸಿದ. ಗರ್ಭಗುಡಿಯ ಮೇಲಿನ ಶಿಖರ ಶಿಥಿಲವಾಗಿ ಕೆಳಗಿನ ಗುಡಿಗೇ ಅಪಾಯ ಎನಿಸಿದಾಗ 1879ರಲ್ಲಿ ಶಿಖರವನ್ನೇ ಇಳಿಸಿಬಿಟ್ಟರು. ಕಣ್ಣಿಗೆ ಚೆಂದವಾದುದನ್ನು ತೆಗೆದು ಬಳಕೆಯಲ್ಲಿರುವುದನ್ನು ಉಳಿಸಿಕೊಂಡ ಆ ತೀರ್ಮಾನಕ್ಕೆ ಎಷ್ಟು ಧೈರ್ಯ ಬೇಕಾಗಿತ್ತೋ! ಇಂದಿಗೂ ಅಲ್ಲಿ ಪೂಜೆ ನಡೆಯುತ್ತಿದೆ, ರಥ ಎಳೆಯುತ್ತಾರೆ.

ಬೇಲೂರಿಗೆ ರೈಲು ಬರುವ ಮಾತೂ ಇದೆ. ಚಿಕ್ಕಮಗಳೂರಿಗೆ 2013ರಲ್ಲಿ ಕಡೂರಿನಿಂದ ಹಳಿ ಬಂತು. ಅಲ್ಲಿಂದ ಬೇಲೂರಿಗೆ, ಬೇಲೂರಿನಿಂದ ಹಾಸನಕ್ಕೆ ಹಳಿ ಹಾಕುವ ಯೋಜನೆಗಳು ಮಂಜೂರಾಗಿವೆ. ಬಂದರೂ ಅದು ಗುಡಿಯ ಬಾಗಿಲಿಗೆ ಬರುವಂತಿಲ್ಲ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರ ತಿದ್ದುಪಡಿ ಕಾನೂನು ಹೇಳುತ್ತದೆ. ಲಂಡನ್ನಿನವರು ಚರ್ಚಿನ ಅಡಿಗೆ ತೊಲೆ ಕೊಟ್ಟು ನಿಲ್ದಾಣ ಮಾಡಿದ ಕಾಲ ಬೇರೆ. ಇಲ್ಲಿ ದೂರ ನಿಲ್ಲುವುದೇ ಜಾಣತನ.

ಹೋಗುವವರಿಗೆ ಒಂದೆರಡು ಮಾತು. ಮೂರೂ ಕಡೆ ಒಂದೇ ದಿನದಲ್ಲಿ ನೋಡಬೇಕಾದರೆ ಬೆಳಗಿನ ಗಾಡಿಗೆ ಅರಸೀಕೆರೆಯಲ್ಲಿ ಇಳಿದು ಶಿವಾಲಯ ನೋಡಿಕೊಂಡು ಹೊರಡುವುದು ಲೇಸು. ಜಾವಗಲ್ ಮೇಲೆ ಹೋಗುವ ಬಸ್ಸಿಗೆ ಕಾಯಬೇಕಾದರೆ, ಹಾಸನದ ದಾರಿ ಹಿಡಿಯಬಹುದು. ಹಾಸನದಿಂದ ಹಳೇಬೀಡಿಗೂ ಬೇಲೂರಿಗೂ ಬಸ್ಸುಗಳು ಧಾರಾಳ. ಹಾಗೆ ಹೋದವರಿಗೆ ದಾರಿಯಲ್ಲಿ ಹಾರನಹಳ್ಳಿಯ ಎರಡು ಹೊಯ್ಸಳ ಗುಡಿಗಳು ಸಿಗುತ್ತವೆ. ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಬೇಲೂರನ್ನು ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಳ್ಳಬೇಕು, ಇಳಿಬಿಸಿಲು ಮದನಿಕೆಯರ ಮೇಲೆ ಓರೆಯಾಗಿ ಬೀಳುತ್ತದೆ. ಬೇಸಿಗೆಯಲ್ಲಿ ಹೋಗುವವರು ದಪ್ಪ ಕಾಲುಚೀಲ ಒಯ್ಯಬೇಕು. ಚಪ್ಪಲಿ ಬಿಟ್ಟು ಬೇಲೂರಿನ ಅಂಗಳದ ಕಲ್ಲುಹಾಸಿನ ಮೇಲೆ ಇಟ್ಟ ಮೊದಲ ಹೆಜ್ಜೆಗೇ ಅದರ ಬೆಲೆ ತಿಳಿಯುತ್ತದೆ.